ಚಪ್ಪಲಿ ಸಿಗಲಿಲ್ಲ ಅಂದ್ರೆ ಏನರ್ಥ? ಕಾಣೆಯಾದವರ ಬಗ್ಗೆ ಜನ ಕಟ್ಟುತ್ತಾ ಬಂದ ಊಹೆಗಳ ಹಿನ್ನೆಲೆ

2017ರ ಶ್ರಾವಣದಲ್ಲಿ ನಮ್ಮ ಓಣಿಯ ಒಬ್ಬರು ರಾತ್ರಿ ಊಟ ಮಾಡಿ "ಬೀಡಿ ತರ್ತೀನಿ" ಅಂತ ಹೋದವರು ವಾಪಸ್ ಬರಲಿಲ್ಲ. ಗಂಗಾವತಿ ಕಡೆ ರೈಸ್ ಮಿಲ್‌ನಲ್ಲಿ ಹಮಾಲಿ ಕೆಲಸ ಅವರದು. ವಯಸ್ಸು 34. ಬೆಳಿಗ್ಗೆ ನೋಡಿದರೆ ಅವರ ಬೈಕು ತುಂಗಭದ್ರಾ ಎಡದಂಡೆ ಕಾಲುವೆಯ ಸೇತುವೆ ಪಕ್ಕ ನಿಂತಿತ್ತು. ಸ್ಟ್ಯಾಂಡ್ ಹಾಕಿತ್ತು, ಕೀಲಿ ಅದರಲ್ಲೇ ಇತ್ತು. ಕಾಲುವೆಯಲ್ಲಿ ನೀರು ದಂಡೆಗೆ ಸಮ ಹರಿಯುತ್ತಿತ್ತು.

ಚಪ್ಪಲಿ ಮಾತ್ರ ಅಲ್ಲಿ ಇರಲಿಲ್ಲ.

ಇವತ್ತಿಗೂ ನಮ್ಮೂರ ಕಟ್ಟೆ ಮೇಲೆ ಮಾತು ಶುರುವಾಗುವುದು ಆ ಚಪ್ಪಲಿಯಿಂದಲೇ. ನೀರಿಗೆ ಹಾರುವವರು ಚಪ್ಪಲಿ ಬಿಟ್ಟು ಹಾರ್ತಾರೆ, ಚಪ್ಪಲಿ ಸಿಕ್ಕಿಲ್ಲ ಅಂದ್ರೆ ಹಾರಿಲ್ಲ, ಹಾರಿಲ್ಲ ಅಂದ್ರೆ ಯಾರೋ ಕರ್ಕೊಂಡು ಹೋಗಿದ್ದಾರೆ, ಇಲ್ಲಾಂದ್ರೆ ತಾನೇ ಎಲ್ಲೋ ಹೋಗಿ ಆರಾಮ ಇದ್ದಾನೆ. ಹೀಗೆ ಒಂದು ಜೊತೆ ಚಪ್ಪಲಿಯಿಂದ ಶುರುವಾಗಿ ಗೋವಾ ತನಕ ಮುಟ್ಟುತ್ತದೆ. ಮುಖ ತೊಳೆಯಲು ಇಳಿದು ಜಾರಿದರೆ ಚಪ್ಪಲಿ ಕಾಲಲ್ಲೇ ಇರುತ್ತದೆ ಅಲ್ವಾ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಗೋವಾಕ್ಕೇ ಹೋಗಿರಬೇಕು ಅಂತ ಆ ಕಟ್ಟೆ ಮೇಲೆ ಕೂತು ವಾದ ಮಾಡಿದವರಲ್ಲಿ ನಾನೂ ಒಬ್ಬ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾರಾದರೂ ಕಾಣೆಯಾದರೆ ಸಂಬಂಧವಿಲ್ಲದವರು ಕೂತು ಪತ್ತೇದಾರಿ ಮಾಡುವುದು ಮೊಬೈಲ್ ಬಂದ ಮೇಲೆ ಶುರುವಾದದ್ದಲ್ಲ. ನಮ್ಮ ಕಡೆ ಮೊದಲು ಅಂಜನ ಹಾಕಿಸುತ್ತಿದ್ದರು, ಈಗಲೂ ಹಾಕಿಸುವವರಿದ್ದಾರೆ. ವೀಳ್ಯದೆಲೆ ಮೇಲೋ ಹೆಬ್ಬೆರಳ ಉಗುರಿನ ಮೇಲೋ ಕಪ್ಪು ಹಚ್ಚಿ ಸಣ್ಣ ಹುಡುಗರ ಕೈಲಿ ನೋಡಿಸುವುದು. "ನೀರು ಕಾಣ್ತದ, ದಾರಿ ಕಾಣ್ತದ" ಅಂತ ಹುಡುಗ ಹೇಳುತ್ತದೆ. ಕಾಲುವೆ ಸೀಮೆಯಲ್ಲಿ ಎಲ್ಲಿ ನೋಡಿದರೂ ನೀರು, ಎಲ್ಲಿ ನೋಡಿದರೂ ದಾರಿ. ಮಗು ಕಾಣೆಯಾದರಂತೂ ಆನೆಗೊಂದಿ, ಹಂಪಿ ಕಡೆ ನಿಧಿಗೆ ಬಲಿ ಕೊಟ್ಟಿರಬೇಕು ಅನ್ನುವ ಮಾತು ಮೊದಲು ಏಳುತ್ತದೆ. ತುಂಗಭದ್ರಾ ಡ್ಯಾಂ ಕಟ್ಟುವಾಗ, ಅಂದರೆ 1945ರಿಂದ 1953ರ ತನಕ, ಹೊರಗೆ ಆಡಲು ಬಿಡುತ್ತಿರಲಿಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಕಟ್ಟೋಣ ಗಟ್ಟಿ ನಿಲ್ಲಬೇಕು ಅಂದ್ರೆ ಮಕ್ಕಳ ತಲೆ ಹಾಕಬೇಕು, ಅದಕ್ಕೆ ಹಿಡ್ಕೊಂಡು ಹೋಗ್ತಾರೆ ಅನ್ನುವ ಭಯ ಊರೆಲ್ಲ ಇತ್ತಂತೆ.

ನಾವು ಹಳ್ಳಿಯವರು, ಅದಕ್ಕೆ ಹೀಗೆ ಅಂದುಕೊಳ್ಳಬೇಡಿ. 1926ರ ಡಿಸೆಂಬರ್ 3ರ ರಾತ್ರಿ ಇಂಗ್ಲೆಂಡಿನಲ್ಲಿ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ ಮನೆಯಿಂದ ಹೋದವರು ಕಾಣೆಯಾದರು. ಕಾರು ಒಂದು ಗುಡ್ಡದ ಹತ್ತಿರ ಸಿಕ್ಕಿತು, ಅವರು ಸಿಗಲಿಲ್ಲ. ಕೊಳದಲ್ಲಿ ಬಿದ್ದಿದ್ದಾರೆ, ಗಂಡ ಕೊಂದಿದ್ದಾನೆ, ಪುಸ್ತಕ ಮಾರಲು ನಾಟಕ ಆಡ್ತಿದ್ದಾರೆ ಅಂತ ಪತ್ರಿಕೆಗಳು ದಿನಕ್ಕೊಂದು ಬರೆದವು. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಅವರೇ ಕ್ರಿಸ್ಟಿಯ ಕೈಗವಸು ತೆಗೆದುಕೊಂಡು ಆತ್ಮಗಳ ಜೊತೆ ಮಾತಾಡುತ್ತೇನೆ ಅನ್ನುವವನ ಹತ್ತಿರ ಹೋದರು! ನಮ್ಮ ಅಂಜನಕ್ಕೂ ಅದಕ್ಕೂ ಏನು ವ್ಯತ್ಯಾಸ ಹೇಳಿ. 11 ದಿನ ಆದ ಮೇಲೆ ಹ್ಯಾರೊಗೇಟ್ ಎಂಬ ಊರಿನ ಹೋಟೆಲ್‌ನಲ್ಲಿ ಅವರು ಬೇರೆ ಹೆಸರಲ್ಲಿ ಇರುವುದು ಗೊತ್ತಾಯಿತು.

ನಮ್ಮ ಕಡೆ ಊಹೆಗೆ ಇನ್ನೊಂದು ಕಾರಣವೂ ಇದೆ. ಗುಳೆ. ಕೊಪ್ಪಳ, ರಾಯಚೂರು, ಬಳ್ಳಾರಿಯ ಒಣ ಹಳ್ಳಿಗಳಿಂದ ಪ್ರತಿ ವರ್ಷ ಜನ ಬೆಂಗಳೂರು, ಗೋವಾ, ಪುಣೆ, ಮುಂಬೈ ಅಂತ ದುಡಿಯಲು ಹೋಗುತ್ತಾರೆ. ಒಬ್ಬ ಮನುಷ್ಯ ನಾಲ್ಕು ದಿನ ಕಾಣದಿದ್ದರೆ ಯಾರೂ ಗಾಬರಿ ಆಗುವುದಿಲ್ಲ. ಜಗಳ ಆಡಿಕೊಂಡು ಹೋಗಿದ್ದಾನೆ, ಹಬ್ಬಕ್ಕೆ ಬರ್ತಾನೆ ಅನ್ನುತ್ತಾರೆ. ಮೊದಲ ಎರಡು ಮೂರು ದಿನದಲ್ಲಿ ಸಿಗಬೇಕಾದ ಸುಳಿವು, ನೋಡಿದವರ ನೆನಪು, ಅಂಗಡಿಯ ಕ್ಯಾಮೆರಾ, ಎಲ್ಲ ಆ ಮಾತಿನಲ್ಲೇ ಕಳೆದುಹೋಗುತ್ತದೆ. ಇದರ ಮೇಲೆ, 24 ಗಂಟೆ ಆಗದೆ ಪೊಲೀಸರು ದೂರು ತಗೊಳ್ಳಲ್ಲ ಅನ್ನುವ ನಂಬಿಕೆ ಬೇರೆ. ಹಾಗಂತ ಯಾವ ಕಾನೂನಿನಲ್ಲೂ ಇಲ್ಲ. ಕಾಣೆಯಾದ ಗಂಟೆಯಲ್ಲೇ ಹೋಗಿ ದೂರು ಕೊಡಬಹುದು.

ಊಹೆ ಹಬ್ಬುವುದಕ್ಕೆ ಜನರ ಚಪಲ ಒಂದೇ ಕಾರಣ ಅಲ್ಲ ಅನ್ನುವುದನ್ನೂ ಹೇಳಬೇಕು. 2006ರ ಡಿಸೆಂಬರ್ ಕೊನೆಯಲ್ಲಿ ನೊಯ್ಡಾದ ನಿಠಾರಿಯಲ್ಲಿ ಒಂದು ಬಂಗಲೆಯ ಹಿಂದಿನ ಚರಂಡಿಯಲ್ಲಿ ಮಕ್ಕಳ ಎಲುಬುಗಳು ಸಿಕ್ಕವು. ಮಕ್ಕಳು ಕಾಣೆಯಾಗಿದ್ದಾರೆ ಅಂತ ಅಲ್ಲಿನ ಬಡ ತಂದೆತಾಯಿ ಅದಕ್ಕೆ ಮೊದಲೇ ಠಾಣೆಗೆ ಅಲೆದಿದ್ದರು. ಕೇಳಿಸಿಕೊಳ್ಳುವವರು ಇರಲಿಲ್ಲ. ಮುಂದೆ ಅಂಗಾಂಗ ಮಾರಾಟ, ನರಭಕ್ಷಣೆ ಅಂತ ದೇಶವೆಲ್ಲ ಮಾತಾಡಿತು. ಗಲ್ಲು ಶಿಕ್ಷೆಯಾಗಿದ್ದ ಇಬ್ಬರನ್ನೂ 2023ರಲ್ಲಿ ಅಲಹಾಬಾದ್ ಹೈಕೋರ್ಟ್ ಹಲವು ಪ್ರಕರಣಗಳಲ್ಲಿ ಖುಲಾಸೆ ಮಾಡಿತು, ತನಿಖೆಯನ್ನು ಕಟುವಾಗಿ ಟೀಕಿಸಿತು. ಅಷ್ಟು ಮಾತು, ಅಷ್ಟು ಟಿವಿ ಚರ್ಚೆ ಆದ ಮೇಲೂ ಆ ಮಕ್ಕಳಿಗೆ ಏನಾಯಿತು ಅನ್ನುವುದಕ್ಕೆ ಅವರ ಮನೆಯವರಿಗೆ ಉತ್ತರ ಇಲ್ಲ. ಮಕ್ಕಳು ಕಾಣೆಯಾದ ಪ್ರತಿ ದೂರಿಗೂ ಎಫ್‌ಐಆರ್ ಆಗಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2013ರ ಮೇ 10ರಂದು. ಠಾಣೆ ಸುಮ್ನೆ ಕೂತಾಗ ಕಟ್ಟೆ ಮಾತಾಡುತ್ತದೆ. ಅದು ನನಗೆ ಅರ್ಥವಾಗುತ್ತದೆ.

ಆದರೆ ಅದೇ 2013ರಲ್ಲಿ ಅಮೆರಿಕದಲ್ಲಿ ನಡೆದದ್ದು ನೋಡಿ. ಬ್ರೌನ್ ವಿಶ್ವವಿದ್ಯಾಲಯದ ಭಾರತ ಮೂಲದ 22 ವರ್ಷದ ಹುಡುಗ ಮಾರ್ಚ್ ಮಧ್ಯದಿಂದ ಕಾಣೆಯಾಗಿದ್ದ. ಮನೆಯವರು ಫೇಸ್‌ಬುಕ್‌ನಲ್ಲಿ ಪುಟ ಮಾಡಿ ಹುಡುಕುತ್ತಿದ್ದರು. ಏಪ್ರಿಲ್ 15ಕ್ಕೆ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿಯಿತು. ಶಂಕಿತನ ಮಸುಕು ಫೋಟೋ ಬಂದದ್ದೇ ತಡ, ರೆಡಿಟ್ ಎಂಬ ಇಂಟರ್ನೆಟ್ ಕಟ್ಟೆಯಲ್ಲಿ ಕೂತವರು ಇವನ ಫೋಟೋ ಪಕ್ಕದಲ್ಲಿಟ್ಟು ಇವನೇ ಅವನು ಅಂದರು. ಒಂದೇ ರಾತ್ರಿಯಲ್ಲಿ ಆ ಹೆಸರು ಲೋಕವೆಲ್ಲ ಹರಡಿತು. ಮಗನನ್ನು ಹುಡುಕುವ ಪುಟದ ತುಂಬ ಬೈಗುಳ ಬಂದು ಮನೆಯವರು ಅದನ್ನು ಮುಚ್ಚಬೇಕಾಯಿತು. ಬೆಳಗಾಗುವಷ್ಟರಲ್ಲಿ ನಿಜವಾದ ಶಂಕಿತರು ಬೇರೆ ಅಂತ ಗೊತ್ತಾಯಿತು. ಏಪ್ರಿಲ್ 23ಕ್ಕೆ ಹುಡುಗನ ಶವ ಪ್ರಾವಿಡೆನ್ಸ್ ಊರಿನ ನೀರಿನಲ್ಲಿ ಸಿಕ್ಕಿತು. ಮಗ ಕಾಣೆಯಾದ ಮನೆಯ ಮೇಲೆ ಅಪರಿಚಿತರು ಎಸೆದ ಕಲ್ಲು ಅದು.

ನಮ್ಮಲ್ಲಿ ಇದು ಇನ್ನೂ ಕೆಟ್ಟದ್ದಾಯಿತು. 2018ರ ಬೇಸಿಗೆಯಲ್ಲಿ ನಿಮ್ಮ ಮೊಬೈಲಿಗೂ ಆ ವಿಡಿಯೋ ಬಂದಿರುತ್ತದೆ. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸ್ ತಂದು ಬಿಡುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬರನ್ನು ಮಕ್ಕಳ ಕಳ್ಳ ಅಂತ ಹೊಡೆದು ಕೊಂದರು. ಜುಲೈ 13ಕ್ಕೆ ನಮ್ಮದೇ ಸೀಮೆಯ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಕೊಂದರು. ಅವರ ಜೊತೆಯವರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ತಂದಿತು.

ಈಗ ಯೂಟ್ಯೂಬ್ ಕಾಲ. 2025ರಲ್ಲಿ ಧರ್ಮಸ್ಥಳದಲ್ಲಿ ಎಷ್ಟೋ ಶವ ಹೂತಿದ್ದೇನೆ ಅಂತ ಒಬ್ಬನ ದೂರು ಬಂದಾಗ ಗುದ್ದಲಿ ಮಣ್ಣು ಮುಟ್ಟುವ ಮೊದಲೇ ಎರಡೂ ಕಡೆಯವರು ತೀರ್ಪು ಕೊಟ್ಟಾಗಿತ್ತು. ಜುಲೈನಲ್ಲಿ ಸರ್ಕಾರ ವಿಶೇಷ ತನಿಖಾ ತಂಡ (ಎಸ್‌ಐಟಿ) ಮಾಡಿತು, ಆಗಸ್ಟ್‌ನಲ್ಲಿ ದೂರು ಕೊಟ್ಟವನನ್ನೇ ಬಂಧಿಸಲಾಯಿತು. ಈ ಗದ್ದಲದಲ್ಲಿ ನಿಜವಾಗಿ ಮಗಳನ್ನೋ ಅಕ್ಕನನ್ನೋ ಕಳೆದುಕೊಂಡ ಮನೆಯವರ ದನಿ ಯಾರಿಗೆ ಕೇಳಿಸಿತು?

ನಮ್ಮ ಓಣಿಯವರ ಫೋಟೋ ಕೂಡ ಒಂದು ಲೋಕಲ್ ಚಾನೆಲ್‌ನಲ್ಲಿ ಬಂದಿತ್ತು. ಹಿಂದೆ ಭಯದ ಮ್ಯೂಸಿಕ್. ಆಸ್ತಿಗಾಗಿ ತಮ್ಮನೇ ಮಾಡಿಸಿದ್ದಾ ಅನ್ನುವ ಪ್ರಶ್ನೆ. ಆಸ್ತಿ ಅಂದರೆ ಒಂದೂವರೆ ಎಕರೆ. ಪೊಲೀಸರು ತಮ್ಮನನ್ನು ವಿಚಾರಿಸಿ ಬಿಟ್ಟರು, ಊರು ಬಿಡಲಿಲ್ಲ. ಕಿರಾಣಿ ಅಂಗಡಿಯಲ್ಲಿ ಸಾಲ ನಿಂತಿತು, ನೋಡಿ ಹೋಗಿದ್ದ ಹೆಣ್ಣಿನ ಕಡೆಯವರು ತಿರುಗಿ ಬರಲಿಲ್ಲ. ಅವನು ಬೆಂಗಳೂರಿಗೆ ಗುಳೆ ಹೋದ. ಹೋದದ್ದೇ ಸಾಕ್ಷಿ ಅಂದರು ಜನ. ಇತ್ತ ಯಾರೋ ಗೋವಾದ ಮಾಪುಸಾ ಮಾರ್ಕೆಟ್‌ನಲ್ಲಿ ಅಣ್ಣನನ್ನು ನೋಡಿದೆ ಅಂದರು. ಅವರ ಹೆಂಡತಿ, ನಾವೆಲ್ಲ ಅಕ್ಕ ಅನ್ನುವವರು, ಕಿವಿಯ ಓಲೆ ಒತ್ತೆ ಇಟ್ಟು ಹೋಗಿ ಆರು ದಿನ ತಿರುಗಿ ಬಂದರು.

ಹೊರಗಿನವರಿಂದ ಉಪಯೋಗವೇ ಇಲ್ಲ ಅಂತ ನಾನು ಹೇಳುವುದಿಲ್ಲ. 1968ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಟೆಂಟ್ ಬಟ್ಟೆಯಲ್ಲಿ ಸುತ್ತಿದ ಹೆಣ್ಣಿನ ಶವ ಸಿಕ್ಕಿತ್ತು. ಹೆಸರು ಗೊತ್ತಿಲ್ಲದೆ ಹೂಳಿದರು. ಟೆನೆಸ್ಸಿಯ ಟಾಡ್ ಮ್ಯಾಥ್ಯೂಸ್ ಎಂಬ ಫ್ಯಾಕ್ಟರಿ ಕೆಲಸಗಾರ ವರ್ಷಗಟ್ಟಲೆ ಕಾಣೆಯಾದವರ ಪಟ್ಟಿ ಓದುತ್ತಾ ಕೂತ. ಯಾರು ಕೊಂದರು ಅಂತ ಊಹಿಸುವ ಗೊಡವೆಗೆ ಹೋಗಲಿಲ್ಲ. ಅಕ್ಕನನ್ನು ಹುಡುಕುತ್ತಿದ್ದ ಒಬ್ಬ ತಂಗಿಯ ಪ್ರಕಟಣೆ ಕಣ್ಣಿಗೆ ಬಿತ್ತು, ಎರಡನ್ನೂ ಪಕ್ಕಪಕ್ಕ ಇಟ್ಟ. 1998ರಲ್ಲಿ ಡಿಎನ್‌ಎ ತಾಳೆಯಾಯಿತು, 30 ವರ್ಷದ ಮೇಲೆ ಸಮಾಧಿಗೆ ಹೆಸರು ಬಂತು. ಚಿಕ್ಕಂದಿನಲ್ಲಿ ದಾರಿ ತಪ್ಪಿ ಪಾಕಿಸ್ತಾನ ಸೇರಿ, 2015ರಲ್ಲಿ ವಾಪಸ್ ಬಂದ ಗೀತಾ ವಿಷಯದಲ್ಲೂ ಹಾಗೇ. ಕಿವಿ ಕೇಳದ, ಮಾತು ಬಾರದ ಆಕೆ ತನ್ನ ಮಗಳು ಅಂತ ಬಂದವರು ಎಷ್ಟೋ ಮಂದಿ, ಡಿಎನ್‌ಎ ಹೊಂದಲಿಲ್ಲ. ಕೊನೆಗೆ ಸನ್ನೆ ಭಾಷೆ ಬಲ್ಲವರು ಕೂತು, ರೈಲ್ವೆ ಸ್ಟೇಷನ್, ನದಿ, ಕಬ್ಬಿನ ಹೊಲ ಅಂತ ಆಕೆ ಹೇಳಿದ್ದನ್ನೆಲ್ಲ ಕೇಳಿ, ಊರೂರು ತಿರುಗಿಸಿ, 2021ರಲ್ಲಿ ಮಹಾರಾಷ್ಟ್ರದ ಪರಭಣಿ ಕಡೆಯ ತಾಯಿಯನ್ನು ಮುಟ್ಟಿಸಿದರು.

ನಮ್ಮ ಕಡೆ ಈ ಕೆಲಸ ಎಷ್ಟು ಬಾಕಿ ಇದೆ ನೋಡಿ. ತುಂಗಭದ್ರಾ ಹೊಳೆ ನಮ್ಮಿಂದ ಕರ್ನೂಲಿಗೆ ಹೋಗುತ್ತದೆ. ಬಲದಂಡೆಯ ಕೆಳಮಟ್ಟದ ಕಾಲುವೆ ಬಳ್ಳಾರಿ ದಾಟಿ ಆದೋನಿ ಸೀಮೆ ಸೇರುತ್ತದೆ. ಮನುಷ್ಯ ಕಾಣೆಯಾದ ದೂರು ಕನ್ನಡದಲ್ಲಿ ಇಲ್ಲಿ, ಅಪರಿಚಿತ ಶವದ ಪ್ರಕಟಣೆ ತೆಲುಗಿನಲ್ಲಿ ಅಲ್ಲಿ. ಎಡದಂಡೆ ಕಾಲುವೆ ರಾಜ್ಯ ದಾಟದಿದ್ದರೂ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಅಂತ ಎಷ್ಟೋ ಠಾಣೆಗಳ ಹದ್ದು ದಾಟುತ್ತದೆ. ಗುರುತು ಸಿಗದ ಶವಕ್ಕೆ ಅಸಹಜ ಸಾವು ಅಂತ ಯುಡಿಆರ್ ದಾಖಲಾಗುತ್ತದೆ, ಫೋಟೋ ತೆಗೆದು ಹೂಳುತ್ತಾರೆ. ಇತ್ತ ನಮ್ಮ ಪ್ರಕಟಣೆಯಲ್ಲಿ ಏನಿತ್ತು? "ಎತ್ತರ 5.5 ಅಡಿ, ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾರೆ." ಇದನ್ನು ಹಿಡಿದು ಯಾರನ್ನು ಗುರುತಿಸುವುದು? ನಮ್ಮೂರ ಅರ್ಧ ಗಂಡಸರು ಹೀಗೇ ಇದ್ದಾರೆ.

2024ರಲ್ಲಿ ಏಳು ವರ್ಷ ತುಂಬಿತು. ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಬದುಕಿದ್ದಾರೆ ಅನ್ನುವವರೇ ಅದನ್ನು ರುಜುವಾತು ಮಾಡಬೇಕು ಅಂತ ಕಾನೂನು. ಹಳೇ ಸಾಕ್ಷ್ಯ ಕಾಯ್ದೆಯ 108ನೇ ಕಲಂ, ಆ ವರ್ಷದ ಜುಲೈ 1ರಿಂದ ಹೊಸ ಕಾಯ್ದೆಯ 111ನೇ ಕಲಂ. ಹೊಲದ ಪಹಣಿ ಬದಲಾಗಲು, ವಿಧವಾ ವೇತನ ಸಿಗಲು ಕೋರ್ಟಿನಲ್ಲಿ ದಾವೆ ಹಾಕಬೇಕು. ಅಕ್ಕನ ಜೊತೆ ನಾನೂ ವಕೀಲರ ಹತ್ತಿರ ಹೋಗಿದ್ದೆ. ಗಂಡ ಸತ್ತಿದ್ದಾನೆ ಅಂತ ತಾನೇ ಬರೆದುಕೊಡಬೇಕು ಅಂದಾಗ ಅಕ್ಕ ಬಹಳ ಹೊತ್ತು ಕೈಬಳೆ ತಿರುಗಿಸುತ್ತಾ ಕೂತರು.

ವಕೀಲರು ಮೈಮೇಲಿನ ಗುರುತು ಕೇಳಿದರು. ಎಡಗಾಲಿನ ಎರಡನೇ ಬೆರಳು ಹೆಬ್ಬೆರಳ ಮೇಲೆ ಹತ್ತಿ ಕೂತಿತ್ತು, ಮಿಲ್‌ನಲ್ಲಿ ಅಕ್ಕಿ ಮೂಟೆ ಬಿದ್ದು ಮುರಿದದ್ದು ಹಾಗೇ ಕೂಡಿಕೊಂಡಿತ್ತು ಅಂದರು ಅಕ್ಕ. ಅದಕ್ಕೇ ಉಂಗುಷ್ಠದ ಚಪ್ಪಲಿ ಬಿಟ್ಟು, ಬೆಲ್ಟ್ ಇರುವ ಸ್ಯಾಂಡಲ್ ಹಾಕುತ್ತಿದ್ದರಂತೆ. ಬೆಲ್ಟ್ ಬಿಗಿದ ಸ್ಯಾಂಡಲ್! ಏಳು ವರ್ಷ ಊರೆಲ್ಲ ಚಪ್ಪಲಿ ಬಗ್ಗೆ ಮಾತಾಡಿದ್ದೆವು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಕ್ಕಾ?" ಅಂದೆ.

"ಕೇಳಿದವ್ರು ಯಾರಪ್ಪಾ, ಎಲ್ಲಾರೂ ಬಂದು ಹೇಳೋರೇ" ಅಂದರು.

ಆ ಬೆರಳಿನ ವಿಷಯ ಬರೆದು ಹೊಸ ಅರ್ಜಿ ಮಾಡಿದ್ದೇವೆ. 2017ರ ಆಗಸ್ಟ್, ಸೆಪ್ಟೆಂಬರ್ ತಿಂಗಳ ಯುಡಿಆರ್ ಕಡತಗಳಲ್ಲಿ ಅಂಥ ಕಾಲಿನ ಶವ ಇತ್ತಾ ಅಂತ ಕಾಲುವೆ ಹರಿದ ದಾರಿಯಲ್ಲೇ ಒಂದೊಂದು ಠಾಣೆ ಕೇಳುತ್ತಾ ಹೋಗುತ್ತಿದ್ದೇವೆ. ಮೂರು ಠಾಣೆ ಆಯಿತು. ಬೈಕು ಓಡಿಸುವುದು ಆ ತಮ್ಮನೇ, ಬೆಂಗಳೂರಿನಿಂದ ರಜೆ ಹಾಕಿ ಬರುತ್ತಾನೆ. ಮುಂದಿನ ಸಲ ಮಾನ್ವಿ ಕಡೆ.