ಎಲ್‌ಎಲ್‌ಆರ್‌ಗೆ ಓದುವವರಿಗೆ: ಹಳದಿ ದೀಪದ ಲೆಕ್ಕ ಮತ್ತು ಉಳಿದದ್ದು

ಕೆಂಪಿಗೆ ನಿಲ್ಲು, ಹಸಿರಿಗೆ ಹೊರಡು. ಇಷ್ಟು ಅಂಗನವಾಡಿ ಮಕ್ಕಳಿಗೂ ಬಾಯಿಪಾಠ. ಎಲ್‌ಎಲ್‌ಆರ್‌ಗೆ (ಗಾಡಿ ಕಲಿಯುವವರ ಲೈಸೆನ್ಸಿನ ಪರೀಕ್ಷೆಗೆ) ಓದಲು ಕೂತಾಗ ನಾನು ತಪ್ಪಿದ್ದು ಹಳದಿಯಲ್ಲಿ. ಹಾಗಾಗಿ ಅದೇ ಮೊದಲು.

ಹಳದಿ ಬಿತ್ತೆಂದರೆ ನಮ್ಮಲ್ಲಿ ಎಲ್ಲರೂ ಆಕ್ಸಿಲರೇಟರ್ ತಿರುಗಿಸುತ್ತಾರೆ. ನಿಯಮ ಹೇಳುವುದು ತದ್ವಿರುದ್ಧ: ಸ್ಟಾಪ್ ಲೈನಿನ ಹಿಂದೆ ನಿಲ್ಲಬೇಕು. ಗೆರೆಗೆ ತೀರಾ ಹತ್ತಿರ ಬಂದುಬಿಟ್ಟಿದ್ದು, ಬ್ರೇಕ್ ಹಿಡಿದರೇ ಅಪಾಯ ಎನ್ನುವಂತಿದ್ದರೆ ಮಾತ್ರ ದಾಟಬಹುದು.

ತೀರಾ ಹತ್ತಿರ ಅಂದರೆ ಎಷ್ಟು? ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 11 ಮೀಟರ್ ಓಡುತ್ತದೆ. ದೀಪ ನೋಡಿ ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಆಮೇಲೆ ನಿಲ್ಲಲು ಇನ್ನೊಂದು ಹತ್ತು ಮೀಟರ್, ಒಟ್ಟು 20ರ ಆಸುಪಾಸು. ಗೆರೆ ಅದಕ್ಕಿಂತ ಹತ್ತಿರ ಇದ್ದರೆ ಅದರ ಹಿಂದೆ ನಿಲ್ಲಲಾಗದು. ಮಳೆಯಲ್ಲಿ 28 ಅಂತಿಟ್ಟುಕೊಳ್ಳಿ. ಹಳದಿ 3 ಸೆಕೆಂಡ್ ಇದ್ದರೆ ಅಷ್ಟರಲ್ಲಿ ನೀವು ಓಡುವುದು 33 ಮೀಟರ್. ಅದಕ್ಕಿಂತ ದೂರ ಇದ್ದವರು ಅದೇ ವೇಗದಲ್ಲಿ ಬಂದರೆ ಗೆರೆ ಮುಟ್ಟುವಾಗ ಕೆಂಪೇ.

ನಮ್ಮ ಮಲೆನಾಡಿನ ಕಡೆ ವರ್ಷದ ನಾಲ್ಕು ತಿಂಗಳು ಆ ಮಳೆಯ ಲೆಕ್ಕವೇ ನಡೆಯುವುದು. ಕಳೆದ ಆಷಾಢದಲ್ಲಿ ಬಿ.ಎಚ್. ರಸ್ತೆಯಲ್ಲಿ ದಾಟಲೋ ಬೇಡವೋ ಎಂದು ಯೋಚಿಸುತ್ತಾ ಕೊನೇ ಗಳಿಗೆಯಲ್ಲಿ ಬ್ರೇಕ್ ಹಿಡಿದೆ. ಸ್ಕೂಟರಿನ ಮುಂದಿನ ಚಕ್ರ ಜೀಬ್ರಾ ಪಟ್ಟಿಯ ಬಿಳಿ ಬಣ್ಣದ ಮೇಲೆ ಪಾಚಿಗಲ್ಲು ಮೆಟ್ಟಿದ ಹಾಗೆ ಜಾರಿತು. ಬೀಳಲಿಲ್ಲ. ಹಿಂದಿದ್ದ ಆಟೋದವರು, "ನಿಲ್ಲೋದಾದ್ರೆ ಮೊದ್ಲೇ ನಿಲ್ಬಾರ್ದಾ ಮಾರಾಯ್ರೇ!" ಅಂದರು. ಸರಿಯಾಗೇ ಹೇಳಿದರು.

ಕೆಂಪಿನಲ್ಲಿ ಗಮನಿಸಬೇಕಾದ್ದು ಎರಡು. ನಿಲ್ಲುವುದು ಗೆರೆಯ ಹಿಂದೆ, ಜೀಬ್ರಾ ಪಟ್ಟಿಯ ಮೇಲಲ್ಲ. ಇನ್ನೊಂದು, ಎಡಕ್ಕೆ ಯಾವಾಗಲೂ ಹೋಗಬಹುದು ಎಂಬುದು ಸುಳ್ಳು. ಫ್ರೀ ಲೆಫ್ಟ್ ಬೋರ್ಡೋ ಹಸಿರು ಬಾಣವೋ ಇರಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಕೆಂಪು ದಾಟುವುದು ಕಲಂ 184ರ ಅಪಾಯಕಾರಿ ಚಾಲನೆಯಲ್ಲಿ ಸೇರಿದೆ.

ಮಿನುಗುವ ಕೆಂಪು: ಪೂರ್ತಿ ನಿಂತು, ನೋಡಿಕೊಂಡು ಹೋಗುವುದು. ಮಿನುಗುವ ಹಳದಿ: ನಿಧಾನಿಸಿ ಹೋಗುವುದು. ಈ ಎರಡನ್ನು ಅದಲುಬದಲು ಮಾಡಿಕೊಳ್ಳುವವರೇ ಹೆಚ್ಚು. ಪೊಲೀಸರು ನಿಂತು ಕೈ ತೋರಿಸುತ್ತಿದ್ದರೆ ದೀಪ ಬಿಟ್ಟು ಅವರ ಕೈ ನೋಡಿ.

ಹಸಿರು ಬಿದ್ದರೂ ಮುಂದೆ ಗಾಡಿಗಳು ಕಟ್ಟಿಕೊಂಡಿದ್ದರೆ ಸರ್ಕಲ್ಲಿನ ನಡುವೆ ಹೋಗಿ ಸಿಕ್ಕಿಕೊಳ್ಳಬಾರದು. ತಿರುಗುವಾಗ ರಸ್ತೆ ದಾಟುತ್ತಿರುವವರಿಗೆ ದಾರಿ ಬಿಡಬೇಕು.

ಇನ್ನು ನಡೆದು ಹೋಗುವವರು. ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮಜ್ಜಿ ಹಸಿರು ಕಂಡ ಕೂಡಲೇ ರಸ್ತೆಗಿಳಿದರು. ಕೈ ಹಿಡಿದು ಎಳೆದೆ. "ಹಸಿರು ಬಿತ್ತಲ್ಲೋ?" "ಅದು ಬಸ್ಸಿಗೆ ಅಜ್ಜಿ, ನಮಗಲ್ಲ." ನಗಬೇಡಿ, ಎಷ್ಟೋ ಜನರ ಗೊಂದಲ ಇದೇ. ನಮಗಿರುವುದು ಮನುಷ್ಯನ ಆಕೃತಿಯ ದೀಪ: ಹಸಿರು ಮನುಷ್ಯ ಕಂಡರೆ ದಾಟಿ, ಮಿನುಗತೊಡಗಿದರೆ ಹೊಸದಾಗಿ ಇಳಿಯಬೇಡಿ, ಅರ್ಧ ದಾಟಿದವರು ಪೂರ್ತಿ ದಾಟಿಬಿಡಿ. ಆ ದೀಪವೇ ಇಲ್ಲದ ಕಡೆ, ನಾವು ದಾಟುವ ರಸ್ತೆಯ ಗಾಡಿಗಳಿಗೆ ಕೆಂಪು ಬಿದ್ದು ಅವು ನಿಂತ ಮೇಲೆ, ತಿರುಗಿ ಬರುವವರನ್ನೂ ನೋಡಿಕೊಂಡು ದಾಟುವುದು.

ಘಾಟಿಯ ಪ್ರಶ್ನೆಯನ್ನೂ ಓದಿಕೊಳ್ಳಿ. ಆಗುಂಬೆಯ 14 ತಿರುವುಗಳಲ್ಲಿ ಎದುರುಬದುರಾದರೆ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು. ಏರಿನಲ್ಲಿ ನಿಂತ ತುಂಬಿದ ಬಸ್ಸನ್ನು ಮತ್ತೆ ಎತ್ತುವುದು ಎಷ್ಟು ಕಷ್ಟ ಎಂದು ಡ್ರೈವರಣ್ಣಂದಿರನ್ನು ಕೇಳಿದರೆ ಈ ಉತ್ತರ ಮರೆಯುವುದಿಲ್ಲ.