ಸ್ಫೋಟಕ್ಕೂ ಅವಶೇಷಕ್ಕೂ ನಡುವಿನ ಕತ್ತಲ ಶತಮಾನಗಳು

2023ರ ಮೇ 19ರಂದು ಜಪಾನಿನ ಹವ್ಯಾಸಿ ವೀಕ್ಷಕ ಕೊಯಿಚಿ ಇಟಗಾಕಿ, ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಎಂ 101 ಗ್ಯಾಲಕ್ಸಿಯಲ್ಲಿ ಹೊಸ ಸೂಪರ್‌ನೋವಾ ಒಂದನ್ನು, ಅಂದರೆ ನಕ್ಷತ್ರವೊಂದರ ಸಾವಿನ ಸ್ಫೋಟವನ್ನು, ಗುರುತಿಸಿದರು. ಲಡಾಖಿನ ಹಾನ್ಲೆಯಲ್ಲಿರುವ, ಹೊಸಕೋಟೆಯಿಂದಲೇ ನಿಯಂತ್ರಿಸುವ ಹಿಮಾಲಯನ್ ಚಂದ್ರ ದೂರದರ್ಶಕವೂ ಅತ್ತ ತಿರುಗಿತು. ಪತ್ರಿಕೆಗಳಲ್ಲಿ ಒಂದೆರಡು ವಾರ ಸುದ್ದಿಯಾಯಿತು, ಆಮೇಲೆ ಮರೆತೂ ಹೋಯಿತು. ರೇಡಿಯೊ ಖಗೋಳಜ್ಞರಿಗೆ ಮಾತ್ರ ಆಗಿನ್ನೂ ಕೆಲಸ ಶುರುವಾಗಿರಲಿಲ್ಲ. ಮೊದಲ ಎರಡು ವಾರಗಳಲ್ಲಿ ಮಿಲಿಮೀಟರ್ ತರಂಗಗಳಲ್ಲಿ ಹುಡುಕಿದವರಿಗೆ ಏನೂ ಸಿಕ್ಕಲಿಲ್ಲ. ರೇಡಿಯೊ ಸಂಕೇತ ಕಾಣಿಸಿಕೊಂಡದ್ದು ಸುಮಾರು ಒಂದು ತಿಂಗಳ ನಂತರ.

ಈ ತಡಕ್ಕೆ ಕಾರಣವಿದೆ. ಸಾಯುವ ಮುನ್ನ ದೈತ್ಯ ನಕ್ಷತ್ರ ತನ್ನ ಹೊರಪದರದ ಅನಿಲವನ್ನು ಸೆಕೆಂಡಿಗೆ ಸುಮಾರು 10 ಕಿಲೋಮೀಟರ್ ವೇಗದಲ್ಲಿ ಊದುತ್ತಿರುತ್ತದೆ. ಸ್ಫೋಟದ ಅಲೆ ಅದರ ಸಾವಿರ ಪಟ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ 10,000 ಕಿಲೋಮೀಟರಿನಂತೆ, ಆ ಅನಿಲಕ್ಕೆ ಅಪ್ಪಳಿಸುತ್ತದೆ. ಅಲ್ಲಿ ವೇಗ ಪಡೆದ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತ ರೇಡಿಯೊ ತರಂಗಗಳನ್ನು ಹೊಮ್ಮಿಸುತ್ತವೆ. ಆದರೆ ಹೊರಗಿನ ದಟ್ಟ ಅನಿಲ ಆರಂಭದಲ್ಲಿ ಅವನ್ನು ನುಂಗಿಬಿಡುತ್ತದೆ. ಅಲೆ ಮುಂದೆ ಸಾಗಿದಂತೆ ಮೊದಲು ಕಿರು ತರಂಗಾಂತರಗಳು ಹೊರಬೀಳುತ್ತವೆ, ಉದ್ದದವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಿಂದುಳಿಯುತ್ತವೆ. ಯಾವ ತರಂಗಾಂತರ ಎಷ್ಟು ತಡವಾಗಿ ಬಂತು ಎಂಬುದರಿಂದ ನಕ್ಷತ್ರ ಎಷ್ಟು ದ್ರವ್ಯ ಕಳೆದುಕೊಂಡಿತ್ತೆಂದು ಲೆಕ್ಕ ಹಾಕಬಹುದು. ಇದಕ್ಕೆ ಚೌಕಟ್ಟು ಒದಗಿಸಿದವರು ಅಮೆರಿಕದ ಖಗೋಳ ಭೌತವಿಜ್ಞಾನಿ ರೋಜರ್ ಶೆವಲಿಯೆ, 1982ರಲ್ಲಿ. ವೇಗಗಳ ಅನುಪಾತವನ್ನು ಗಮನಿಸಿ: ಅಲೆ ಒಂದು ವರ್ಷದಲ್ಲಿ ದಾಟುವುದು ನಕ್ಷತ್ರ ಸಾವಿರ ವರ್ಷಗಳಲ್ಲಿ ಊದಿದ ಅನಿಲವನ್ನು. ಹತ್ತು ವರ್ಷ ಬಿಡದೆ ನೋಡಿದರೆ ಹತ್ತು ಸಾವಿರ ವರ್ಷಗಳ ಪೂರ್ವವೃತ್ತಾಂತ ಹಿಂದುಮುಂದಾಗಿ ತೆರೆದುಕೊಳ್ಳುತ್ತದೆ. ಸ್ಫೋಟದ ಬೆಳಕು ಇಷ್ಟನ್ನು ಹೇಳಲಾರದು.

ನಮ್ಮ ಆಕಾಶಗಂಗೆಯಲ್ಲಿ ಬರಿಗಣ್ಣಿಗೆ ಖಚಿತವಾಗಿ ಕಂಡ ಕೊನೆಯ ಸೂಪರ್‌ನೋವಾ 1604ರದ್ದು. ಹಾಗಾಗಿ ನೆರೆಯ ಗ್ಯಾಲಕ್ಸಿಗಳೇ ಗತಿ. ಮೊದಲ ರೇಡಿಯೊ ಸೂಪರ್‌ನೋವಾ ಸಿಕ್ಕಿದ್ದೂ ಇದೇ ಎಂ 101ರಲ್ಲಿ. ಎಸ್‌ಎನ್ 1970ಜಿ (ಎಸ್‌ಎನ್ ಎಂದರೆ ಸೂಪರ್‌ನೋವಾ, ಮುಂದಿನದು ಅದು ಕಂಡ ವರ್ಷ) ಎಂಬ ಅದು ಎನ್‌ಜಿಸಿ 5455 ಎಂಬ ಹೊಳೆಯುವ ಅನಿಲ ಮೋಡಕ್ಕೆ ಅಂಟಿಕೊಂಡಂತಿತ್ತು. ಮೋಡದ ಸದ್ದಿನಿಂದ ಸೂಪರ್‌ನೋವಾದ ಸದ್ದನ್ನು ಬಿಡಿಸುವುದೇ ಆ ಕಾಲದ ಉಪಕರಣಗಳಿಗೆ ಹೆಣಗಾಟವಾಗಿತ್ತು. 1980ರ ಹೊತ್ತಿಗೆ ಅಮೆರಿಕದ ವೆರಿ ಲಾರ್ಜ್ ಅರೇ ಎಂಬ ರೇಡಿಯೊ ಆಂಟೆನಾಗಳ ಸಮೂಹ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಎನ್‌ಜಿಸಿ 891ರಲ್ಲಿದ್ದ ಎಸ್‌ಎನ್ 1986ಜೆಯನ್ನು ಪತ್ತೆ ಮಾಡಿದ್ದೇ ರೇಡಿಯೊ. ಎಂ 82ರಲ್ಲಿನ ಎಸ್‌ಎನ್ 2008ಐಝೆಡ್ ಅಂತೂ ಧೂಳಿನ ಮರೆಯಲ್ಲಿದ್ದು ಸಾಮಾನ್ಯ ದೂರದರ್ಶಕಗಳಿಗೆ ಸಿಕ್ಕಲೇ ಇಲ್ಲ.

1993ರಲ್ಲಿ 1.2 ಕೋಟಿ ಜ್ಯೋತಿರ್ವರ್ಷ ದೂರದ ಎಂ 81ರಲ್ಲಿ ಸ್ಫೋಟಿಸಿದ ಎಸ್‌ಎನ್ 1993ಜೆ ಈ ಕ್ಷೇತ್ರಕ್ಕೆ ಒದಗಿದ ಅದೃಷ್ಟ. ಖಂಡಾಂತರ ಹರಡಿದ ಆಂಟೆನಾಗಳನ್ನು ಜೋಡಿಸಿ ಅದರ ಅನಿಲದ ಚಿಪ್ಪು ಬಹುಮಟ್ಟಿಗೆ ದುಂಡಗೆ ಹಿಗ್ಗುವುದನ್ನೇ ಸಾಲು ಚಿತ್ರಗಳಲ್ಲಿ ಹಿಡಿದರು. ಭಾರತದ ಪಾಲೂ ಇದರಲ್ಲಿದೆ. ಪುಣೆಯ ಉತ್ತರಕ್ಕೆ ಖೋಡದ್‌ನಲ್ಲಿರುವ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕದ ಉದ್ದ ತರಂಗಾಂತರದ ಅಳತೆಗಳನ್ನು ವೆರಿ ಲಾರ್ಜ್ ಅರೇ ಅಳತೆಗಳೊಂದಿಗೆ ಸೇರಿಸಿ, ಪೂನಂ ಚಂದ್ರ, ಅಲಕ್ ರೇ, ಸಂಜಯ್ ಭಟ್ನಾಗರ್ 2004ರಲ್ಲಿ ಅಲ್ಲಿನ ಕಾಂತಕ್ಷೇತ್ರದ ಬಲವನ್ನು ಅಂದಾಜು ಮಾಡಿದರು.

ಬೆಂಗಳೂರಿನವರಿಗೆ ಅವಶೇಷಗಳ, ಅಂದರೆ ಸ್ಫೋಟ ಬಿಟ್ಟುಹೋದ ಅನಿಲ ಮೋಡಗಳ, ಪರಿಚಯ ಇದಕ್ಕಿಂತ ಹಳೆಯದು. ಗೌರಿಬಿದನೂರಿನ ಬಯಲಿನಲ್ಲಿ ಸಾವಿರ ದ್ವಿಧ್ರುವ ಆಂಟೆನಾಗಳನ್ನು ಟಿ ಆಕಾರದಲ್ಲಿ ನೆಟ್ಟ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಹಂಸ ಮಂಡಲದ ವಿಶಾಲ ಅವಶೇಷವನ್ನು ನಕ್ಷೆಗಿಳಿಸಿತ್ತು. ಬೇರೆ ಗ್ಯಾಲಕ್ಸಿಗಳ ಸೂಜಿಮೊನೆಯಂಥ ಬಿಂದುಗಳನ್ನು ಬಿಡಿಸುವ ಸಾಮರ್ಥ್ಯ ಅದಕ್ಕಿರಲಿಲ್ಲ, ಅದನ್ನು ಕಟ್ಟಿದ್ದೂ ಅದಕ್ಕಲ್ಲ. ಆದರೆ ಪ್ರಶ್ನೆ ಕೇಳಲು ದೊಡ್ಡ ದೂರದರ್ಶಕವೇ ಬೇಕೆಂದಿಲ್ಲ. 1984ರಲ್ಲಿ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ಜಿ. ಶ್ರೀನಿವಾಸನ್, ದೀಪಂಕರ್ ಭಟ್ಟಾಚಾರ್ಯ, ಕೆ.ಎಸ್. ದ್ವಾರಕಾನಾಥ್ ಕೇಳಿದ್ದು ಇಷ್ಟೇ: ಸೂಪರ್‌ನೋವಾಗಳ ಸಂತಾನ ಎಲ್ಲಿ ಹೋಯಿತು? ಪ್ರತಿ ಸ್ಫೋಟದಲ್ಲೂ ವೇಗವಾಗಿ ತಿರುಗುವ ಪಲ್ಸಾರ್ (ಮಿಡಿಯುವ ನ್ಯೂಟ್ರಾನ್ ನಕ್ಷತ್ರ, ಅಂದರೆ ಸತ್ತ ನಕ್ಷತ್ರದ ಕುಸಿದ ತಿರುಳು) ಹುಟ್ಟುವುದಾದರೆ, 1054ರ ಸೂಪರ್‌ನೋವಾ ಬಿಟ್ಟುಹೋದ ಏಡಿ ನೀಹಾರಿಕೆಯಂತೆ ಪಲ್ಸಾರ್ ಶಕ್ತಿಯಿಂದ ನಡು ತುಂಬಿ ಬೆಳಗುವ ಅವಶೇಷಗಳು ಧಾರಾಳವಾಗಿ ಸಿಗಬೇಕು. ಸಿಗುವುದು ಬೆರಳೆಣಿಕೆಯಷ್ಟು. ಹಾಗಾದರೆ ಬಹುತೇಕ ಪಲ್ಸಾರ್‌ಗಳು ಹುಟ್ಟುವಾಗಲೇ ನಿಧಾನವಾಗಿ ತಿರುಗುತ್ತಿರಬೇಕು ಎಂಬತ್ತ ಅವರ ವಾದ ಸಾಗಿತು.

ಇದನ್ನು ಪರೀಕ್ಷಿಸಲು ಸ್ಫೋಟದಿಂದ ಅವಶೇಷದವರೆಗಿನ ಹಾದಿ ಕಾಣಬೇಕು. ನಡುವೆಯೇ ಕತ್ತಲು. ರೇಡಿಯೊ ಸೂಪರ್‌ನೋವಾಗಳು ಕೆಲವು ವರ್ಷಗಳಲ್ಲಿ ಮಂಕಾಗುತ್ತವೆ. ಪ್ರಖರ ಅವಶೇಷವಾದ ಕ್ಯಾಸಿಯೊಪಿಯಾ ಎ ಈಗಾಗಲೇ ಮುನ್ನೂರು ವರ್ಷ ದಾಟಿದೆ. 20ನೇ ಶತಮಾನದಲ್ಲಿ ಆರು ಸೂಪರ್‌ನೋವಾ ಕಂಡ ಎಂ 83 ಗ್ಯಾಲಕ್ಸಿಯಲ್ಲಿ 1923, 1950, 1957ರವುಗಳ ರೇಡಿಯೊ ಸುಳಿವು ಸಿಕ್ಕಿತು, 1957ರದ್ದು ಮಂಕಾಗುತ್ತಿರುವುದೂ ಕಂಡಿತು. ಮೂವತ್ತರ ವಯಸ್ಸಿನಲ್ಲೂ 1970ಜಿಯ ರೇಡಿಯೊ ಸುಳಿವು ಸಿಕ್ಕಿತು. ದೊಡ್ಡ ಮೆಗೆಲಾನಿಕ್ ಮೋಡ ಎಂಬ ನೆರೆಯ ಗ್ಯಾಲಕ್ಸಿಯ ಎಸ್‌ಎನ್ 1987ಎ ಮಾತ್ರ ತದ್ವಿರುದ್ಧ: ಕೆಲವೇ ವಾರಗಳಲ್ಲಿ ಮರೆಯಾಗಿ, 1990ರಲ್ಲಿ ಮರಳಿ ಕಾಣಿಸಿಕೊಂಡು, ಮುಂದೆ ದಶಕಗಳ ಕಾಲ ಪ್ರಖರವಾಗುತ್ತ ಹೋಯಿತು. ನೀಲಿ ದೈತ್ಯದ ತೆಳು ಗಾಳಿಯನ್ನು ದಾಟಿ ಹೊರಗಿನ ದಟ್ಟ ಅನಿಲಕ್ಕೆ ಅಲೆ ಬಡಿದದ್ದರ ಫಲ ಅದು. ಅದರೊಳಗೆ ನ್ಯೂಟ್ರಾನ್ ನಕ್ಷತ್ರ ಇರುವ ಪರೋಕ್ಷ ಪುರಾವೆಯನ್ನು 2024ರಲ್ಲಿ ವೆಬ್ ದೂರದರ್ಶಕ ಕೊಟ್ಟಿದೆ, ಪಲ್ಸಾರ್ ಮಿಡಿತವಂತೂ ಈವರೆಗೆ ದಕ್ಕಿಲ್ಲ.

ನನ್ನ ಮಟ್ಟಿಗೆ ಹೆಚ್ಚು ಕುತೂಹಲದ್ದು 1986ಜೆ. ಅದರ ಚಿಪ್ಪಿನ ನಡುವೆ ಹೊಸ ರೇಡಿಯೊ ಬಿಂದು ಮೂಡಿರುವುದು 2004ರಲ್ಲಿ ವರದಿಯಾಯಿತು. ಮೊದಲು ಕಂಡದ್ದು ಕಿರು ತರಂಗಾಂತರಗಳಲ್ಲಿ, ಏಕೆಂದರೆ ಒಳಗಿನ ಅವಶೇಷವೂ ಉದ್ದ ತರಂಗಗಳನ್ನು ನುಂಗುತ್ತದೆ. ಅದು ಎಳೆಯ ಪಲ್ಸಾರ್ ಬೆಳಗಿಸಿದ ನೀಹಾರಿಕೆಯೋ, ಕಪ್ಪುಕುಳಿಯ ಕೆಲಸವೋ, ಬರೀ ದಟ್ಟ ಅನಿಲಕ್ಕೆ ಅಲೆ ಬಡಿದದ್ದೋ ಎಂಬ ವಾದ ಮುಗಿದಿಲ್ಲ.