ಈಟಿವಿ ಕನ್ನಡ ಮುಚ್ಚಿದ್ದು ಯಾವಾಗ?

ಮುಚ್ಚಿಲ್ಲ. ಮೊದಲು ಇದೊಂದು ಮಾತು ಇತ್ಯರ್ಥವಾಗಿಬಿಡಲಿ, ಬರೆದೂ ಬರೆದೂ ಸಾಕಾಗಿದೆ. ರಾಮೋಜಿ ರಾವ್ ಅವರ ಈನಾಡು ಬಳಗ 2000ದ ಡಿಸೆಂಬರ್‌ನಲ್ಲಿ ಶುರು ಮಾಡಿದ ಈಟಿವಿ ಕನ್ನಡವೇ 2015ರ ಏಪ್ರಿಲ್‌ನಲ್ಲಿ ಕಲರ್ಸ್ ಕನ್ನಡ ಆಯಿತು. ಹಳೆಯದನ್ನು ನಿಲ್ಲಿಸಿ ಹೊಸದನ್ನು ತೆರೆದದ್ದಲ್ಲ, ಬೋರ್ಡು ಬದಲಾಯಿಸಿದ್ದು.

ಇಷ್ಟು ಹೇಳಿದ ಮೇಲೂ ಬರುವ ವಾದ ಒಂದೇ: 'ಈಟಿವಿ ಈಗಲೂ ಬರ್ತಿದೆಯಲ್ಲ ಸಾರ್, ಕನ್ನಡದ್ದನ್ನು ಮಾತ್ರ ತೆಗೆದುಬಿಟ್ರು.' ತೆಲುಗು ಚಾನೆಲ್‌ಗಳೂ ಬರುವ ಬೆಂಗಳೂರಿನ ಮನೆಗಳಲ್ಲಿ ಹೀಗನ್ನಿಸುವುದು ಸಹಜವೇ. ಆದರೆ ಲೆಕ್ಕ ನೋಡಿ. 2012ರ ಜನವರಿಯಲ್ಲಿ ಪ್ರಕಟವಾಗಿ 2014ರಲ್ಲಿ ಮುಗಿದ ವ್ಯವಹಾರದಲ್ಲಿ ಟಿವಿ18 ಕಂಪನಿಗೆ ಈಟಿವಿಯ ಕನ್ನಡ, ಮರಾಠಿ, ಬಾಂಗ್ಲಾ, ಗುಜರಾತಿ, ಒಡಿಯಾ ಮನರಂಜನೆ ಚಾನೆಲ್‌ಗಳಲ್ಲಿ ಶೇ. 50 ಪಾಲು ಸಿಕ್ಕಿತು. ತೆಲುಗಿನದರಲ್ಲಿ ಸಿಕ್ಕಿದ್ದು ಶೇ. 24.5 ಮಾತ್ರ. ಅಂದರೆ ತೆಲುಗಿನ ಹಿಡಿತ ಈನಾಡು ಮನೆಯಲ್ಲೇ ಉಳಿಯಿತು, ಹೆಸರೂ ಅಲ್ಲೇ ಉಳಿಯಿತು. ಕನ್ನಡದ್ದು ಕೈ ಬದಲಾದ ಮೇಲೂ ಒಂದು ವರ್ಷಕ್ಕೂ ಹೆಚ್ಚು ಕಾಲ ಹಳೇ ಹೆಸರಲ್ಲೇ ಓಡಿತು. ಮಾರಾಟದ ವರ್ಷವನ್ನೂ ಹೆಸರು ಬದಲಾದ ವರ್ಷವನ್ನೂ ಕಲಸಿ 'ಮಧ್ಯೆ ಬಂದ್ ಆಗಿತ್ತು' ಎನ್ನುವವರು ಇದನ್ನು ಗಮನಿಸಬೇಕು.

ಇನ್ನೂ ನಂಬಿಕೆ ಬಾರದಿದ್ದರೆ 'ಅಗ್ನಿಸಾಕ್ಷಿ'ಯನ್ನು ನೆನಪಿಸಿಕೊಳ್ಳಿ. 2013ರ ಕೊನೆಗೆ ಈಟಿವಿ ಕನ್ನಡದಲ್ಲಿ ಶುರುವಾದ ಧಾರಾವಾಹಿ ಮುಗಿದದ್ದು 2020ರಲ್ಲಿ, ಕಲರ್ಸ್ ಕನ್ನಡದಲ್ಲಿ. ಮುಚ್ಚಿದ ಚಾನೆಲ್ಲಿನ ಕಥೆ ಹೀಗೆ ಮುಂದುವರಿಯುತ್ತದೆಯೇ?

ಗೊಂದಲಕ್ಕೆ ಸೆಟ್‌ಟಾಪ್ ಬಾಕ್ಸಿನ ಪಾಲೂ ಇದೆ. ಬಾಕ್ಸ್ ಚಾನೆಲ್ಲನ್ನು ಗುರುತಿಸುವುದು ಹೆಸರಿನಿಂದಲ್ಲ, ಸಿಗ್ನಲ್‌ನೊಳಗೆ ಬರುವ ಸರ್ವೀಸ್ ಐಡಿ ಎಂಬ ಸಂಖ್ಯೆಯಿಂದ. ಚಾನೆಲ್ ಬದಲಿಸಿದಾಗ ಕೆಳಗೆ ಮೂಡುವ ಪಟ್ಟಿಯಲ್ಲಿನ ಹೆಸರು ಬೇರೆಯದೇ ಅಕ್ಷರಸಾಲು. ಅದನ್ನು ಕೇಬಲ್‌ನವರು ತಮ್ಮ ಹೆಡ್‌ಎಂಡ್‌ನಲ್ಲಿ, ಅಂದರೆ ಚಾನೆಲ್‌ಗಳನ್ನೆಲ್ಲ ಒಟ್ಟುಮಾಡಿ ಮನೆಗಳಿಗೆ ಕಳಿಸುವ ಕೇಂದ್ರದಲ್ಲಿ, ತಿದ್ದಬೇಕು. ತಿದ್ದದಿದ್ದರೆ ಮೂಲೆಯಲ್ಲಿ ಹೊಸ ಲೋಗೋ, ಕೆಳಗೆ ಹಳೇ ಹೆಸರು. ತಿದ್ದುವಾಗ ಚಾನೆಲ್ ನಂಬರನ್ನೂ ಸರಿಸಿದರಂತೂ ಕಥೆ ಮುಗಿಯಿತು: ರೂಢಿಯ ನಂಬರ್ ಒತ್ತಿದರೆ ಬೇರೆ ಚಾನೆಲ್ಲೋ ಖಾಲಿ ಪರದೆಯೋ, ಮನೆಯವರೆಲ್ಲ 'ಮುಚ್ಚಿಹೋಯ್ತು' ಎಂದು ತೀರ್ಮಾನಿಸುತ್ತಾರೆ. ಮೆನುಗೆ ಹೋಗಿ ಚಾನೆಲ್‌ಗಳನ್ನು ಹೊಸದಾಗಿ ಹುಡುಕಿಸಿ, ಹೊಸ ನಂಬರಿನಲ್ಲಿ ಸಿಗುತ್ತದೆ. ಹುಡುಕಿಸಿದ ಮೇಲೂ ಹಳೇ ಹೆಸರೇ ಬಂದರೆ ತಪ್ಪು ಬಾಕ್ಸಿನದಲ್ಲ, ಕೇಬಲ್‌ನವರಿಗೆ ಹೇಳಿ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಸುವರ್ಣದ್ದು. ಏಷ್ಯಾನೆಟ್ ಬಳಗ 2007ರಲ್ಲಿ ತಂದ ಸುವರ್ಣ 2016ರಲ್ಲಿ ಸ್ಟಾರ್ ಸುವರ್ಣ ಆಯಿತು. 2024ರ ನವೆಂಬರ್‌ನಲ್ಲಿ ಕಲರ್ಸ್ ನಡೆಸುತ್ತಿದ್ದ ವಯಾಕಾಮ್18 ಮತ್ತು ಸುವರ್ಣ ನಡೆಸುತ್ತಿದ್ದ ಡಿಸ್ನಿ ಸ್ಟಾರ್ ಒಂದಾದ ಮೇಲೆ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಜಿಯೋಸ್ಟಾರ್ ಸೂರಿನಡಿ ಬಂದಿವೆ. ವರ್ಷಗಟ್ಟಲೆ ಟಿಆರ್‌ಪಿಗೆ ಕಚ್ಚಾಡಿದ ಎರಡು ಮನೆಗಳಿಗೆ ಈಗ ಒಬ್ಬರೇ ಯಜಮಾನರು. ಸುವರ್ಣ ನ್ಯೂಸ್ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಸ್ಟಾರ್ ಪಾಲಾದದ್ದು ಮನರಂಜನೆ ಚಾನೆಲ್, ಸುದ್ದಿ ಚಾನೆಲ್ ಏಷ್ಯಾನೆಟ್ ನ್ಯೂಸ್ ಕಡೆಯೇ ಉಳಿಯಿತು. ಧಾರಾವಾಹಿಯ ಮೇಲಿನ ಸಿಟ್ಟಿಗೆ ಸುದ್ದಿಮನೆಗೆ ಫೋನ್ ಮಾಡಿ ಬೈಯಬೇಡಿ, ಪಾಪ.